ಹೊಲದ ಒಡ್ಡಿಗೆ ಸುಬಾಬುಲ್ ಹಚ್ಚಬಹುದೇ?

ಪ್ರಶ್ನೆ (ಕುಷ್ಟಗಿಯ ರೈತ):
ನಮ್ಮದು ಮಳೆಯನ್ನೇ ನಂಬಿದ ನಾಲ್ಕು ಎಕರೆ ಮಸಾರಿ ಹೊಲ. ಸಜ್ಜೆ, ತೊಗರಿ ಬೆಳೆಯುತ್ತೇವೆ. ಮನೆಯಲ್ಲಿ ಹನ್ನೆರಡು ಆಡುಗಳಿದ್ದು, ಬೇಸಿಗೆಯಲ್ಲಿ ಅವುಗಳ ಮುಂದೆ ಹಾಕಲು ಹಸಿರೆಂಬುದೇ ಇರುವುದಿಲ್ಲ. ಒಡ್ಡಿನ ಮೇಲೆ ಸುಬಾಬುಲ್ ಹಚ್ಚಿದರೆ ಮೇವು, ಉರುವಲು ಎರಡೂ ಆಗುತ್ತವೆಂದು ಕೇಳಿದ್ದೇನೆ. ಆದರೆ ಅದನ್ನು ತಿಂದ ಪ್ರಾಣಿಗಳ ಕೂದಲು ಉದುರುತ್ತದೆಂದು ಪಕ್ಕದ ಹೊಲದ ಹಿರಿಯರು ಹೆದರಿಸುತ್ತಾರೆ. ಕಳೆದ ವರ್ಷ ಹಾಕಿದ ಬೀಜದಲ್ಲಿ ನೂರಕ್ಕೆ ಹತ್ತೂ ಹುಟ್ಟಲಿಲ್ಲ. ಬಲ್ಲವರು ತಿಳಿಸಬೇಕು.

ಯಲಬುರ್ಗಾದಿಂದ:
ಹಿರಿಯರ ಮಾತು ಸುಳ್ಳಲ್ಲ. ಎಲೆಯ ಒಣ ತೂಕದಲ್ಲಿ ಶೇ 20ರಿಂದ 25ರಷ್ಟು ಪ್ರೋಟೀನ್ ಇದ್ದರೂ, ಜೊತೆಗೆ ಮಿಮೊಸಿನ್ ಎಂಬ ವಿಷದ ಅಂಶವೂ ಇದೆ. ಕುದುರೆ, ಕತ್ತೆ, ಹಂದಿಗಳಿಗೆ ಹಾಕಲೇಬಾರದು. ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯ ಸೂಕ್ಷ್ಮಾಣುಗಳು ಅದನ್ನು ಬಹುಮಟ್ಟಿಗೆ ಅರಗಿಸುವುದರಿಂದ, ಒಟ್ಟು ಮೇವಿನ ಮೂರನೆಯ ಒಂದು ಪಾಲು ಮೀರದಂತೆ ಕಣಿಕೆಯೊಂದಿಗೆ ಬೆರೆಸಿ, ಮೊದಲ ವಾರ ಒಂದೊಂದೇ ಹಿಡಿಯಿಂದ ರೂಢಿ ಮಾಡಿಸಿರಿ.

ಬೀಜ ಹುಟ್ಟದಿರುವುದಕ್ಕೆ ಅದರ ಗಟ್ಟಿ ಸಿಪ್ಪೆಯೇ ಕಾರಣ. ಕುದಿಸಿದ ನೀರನ್ನು ಒಲೆಯಿಂದ ಇಳಿಸಿ, ಸುಮಾರು 80 ಡಿಗ್ರಿಗೆ ಬಂದಾಗ ಬೀಜವನ್ನು ಎರಡು ಮೂರು ನಿಮಿಷ ಅದ್ದಿ, ಬಳಿಕ ರಾತ್ರಿಯಿಡೀ ತಣ್ಣೀರಿನಲ್ಲಿ ನೆನೆಸಿರಿ. ಬೆಳಿಗ್ಗೆ ಉಬ್ಬಿದವು ಉಗುರಿಗೆ ಮೆತ್ತಗಾಗಿರುತ್ತವೆ. ಕಂದು ಹೊಳಪು ಮಾಸದೆ ಕಲ್ಲಿನಂತಿರುವವನ್ನು ಮತ್ತೊಮ್ಮೆ ಬಿಸಿನೀರಿಗೆ ಹಾಕಿರಿ.

ಸಿಂಧನೂರಿನಿಂದ:
ನೀರು ನಿಲ್ಲುವಲ್ಲಿ ಈ ಗಿಡ ಏಳದು. ಕಾಲುವೆ ಕೆಳಗಿನ ನಮ್ಮ ಗದ್ದೆಯ ಬದುವಿನಲ್ಲಿ ನಾನು ಹಚ್ಚಿದ ಸಾಲು ಎರಡನೆಯ ವರ್ಷಕ್ಕೇ ಹಳದಿಯಾಗಿ ಒಣಗಿತು. ಎತ್ತರದಲ್ಲಿ ಉಳಿದವುಗಳದ್ದು ಬೇರೆಯೇ ರಗಳೆ: ಒಣಗಿದ ಕಾಯಿ ಒಡೆದು ಬಿದ್ದ ಬೀಜವೆಲ್ಲ ಹೊಲದೊಳಗೆ ಹುಟ್ಟಿ, ಗೇಣುದ್ದವಾಗುವಷ್ಟರಲ್ಲಿ ತಾಯಿಬೇರು ಇಳಿಸಿ, ಕಿತ್ತರೂ ಬಾರದಂತಾಗುತ್ತವೆ. ಮೆಕ್ಸಿಕೊ ಕಡೆಯಿಂದ ಬಂದ ಈ ಮರ ಜಗತ್ತಿನ ನೂರು ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ. ಬಳ್ಳಾರಿ ಜಾಲಿಯನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದ್ದರಿಂದ ಮಳೆಗಾಲದಲ್ಲಿ ಎರಡು ತಿಂಗಳಿಗೊಮ್ಮೆ, ಹೂವು ಕಾಯಾಗುವ ಮೊದಲೇ, ನೆಲದಿಂದ ಮೂರು ಅಡಿ ಬಿಟ್ಟು ಸವರಬೇಕು. ಹಸಿರೆಲೆ ಗೊಬ್ಬರವೇ ಮುಖ್ಯವಾದರೆ ಗ್ಲಿರಿಸಿಡಿಯಾ ಮೇಲು, ಕೋಲು ನೆಟ್ಟರೂ ಚಿಗುರುತ್ತದೆ. ಅದರ ಹಸಿ ಎಲೆಗೆ ಆಡುಗಳು ಮೂಗು ಮುರಿಯುತ್ತವೆ, ಅರ್ಧ ದಿನ ಬಾಡಿಸಿ ಹಾಕಬೇಕು.

ಕುಷ್ಟಗಿಯ ರೈತ:
ಇಬ್ಬರಿಗೂ ಧನ್ಯವಾದಗಳು. ಎಳೆ ಸಸಿಗೆ ಆಡುಗಳು ಬಾಯಿ ಹಾಕದಂತೆ ಮೊದಲ ವರ್ಷ ಏನು ಮಾಡುವುದು?

ಸಿಂಧನೂರಿನಿಂದ:
ಆ ಬಳ್ಳಾರಿ ಜಾಲಿಯ ಮುಳ್ಳನ್ನೇ ಕಡಿದು ಸುತ್ತ ಬೇಲಿ ಹಾಕಿರಿ, ಅದೂ ಒಂದು ಕೆಲಸಕ್ಕೆ ಬರಲಿ.