ಭಾವ ಹಾಕಿದ ಫಾರ್ವರ್ಡು

ನಮ್ಮ ಮನೆ ಗುಂಪಿನ ಹೆಸರು ‘ಮಂಡ್ಯದಿಂದ ಪುಣೆ’. ಅರ್ಧ ಜನ ಕೋಥ್ರೂಡಿನಲ್ಲಿ, ಅರ್ಧ ಜನ ಚಿಂಚವಾಡದಲ್ಲಿ, ಅಜ್ಜಿ ಮಾತ್ರ ಊರಲ್ಲಿ. ಭಾನುವಾರ ಬೆಳಿಗ್ಗೆ ಭಾವ ಒಂದು ಫಾರ್ವರ್ಡ್ ಹಾಕಿದರು: ‘ಹಸಿದ ದೇಶಗಳಿಗೆ ನಮ್ಮ ದುಡ್ಡಲ್ಲಿ ಬೇಸಾಯದ ತರಬೇತಿ ಯಾಕೆ?’

ಭಾವ: ಅಕ್ಕಿ ಕಳಿಸಲಿ, ಬೇಡ ಅನ್ನುವುದಿಲ್ಲ. ತರಬೇತಿ, ಮೀಟಿಂಗು, ಹೋಟೆಲ್ ಬಿಲ್ಲು, ಇದರಿಂದ ಯಾರ ಹೊಟ್ಟೆ ತುಂಬುತ್ತದೆ?

ದೊಡ್ಡಪ್ಪ: ಅಳಿಯಂದ್ರೇ, ಶಾಲೆಯಲ್ಲಿ ಅಮೆರಿಕದ ಉಪ್ಪಿಟ್ಟು ತಿಂದು ಬೆಳೆದವನು ನಾನು. 1966ರಲ್ಲಿ ಹೊರಗಿನಿಂದ ಸುಮಾರು 1 ಕೋಟಿ ಟನ್ ಧಾನ್ಯ ತರಿಸಿದ್ದೆವು. ವಿಯೆಟ್ನಾಂ ಯುದ್ಧವನ್ನು ನಾವು ಟೀಕಿಸಿದ್ದು ಅಮೆರಿಕದ ಅಧ್ಯಕ್ಷ ಜಾನ್ಸನ್‌ಗೆ ಹಿಡಿಸಲಿಲ್ಲ. ಗೋಧಿ ಹಡಗುಗಳನ್ನು ಅಳೆದು ಸುರಿದು ಬಿಡುತ್ತಿದ್ದರು. ಕೊಡುವವನ ಮುಖ ನೋಡಿಕೊಂಡು ಒಲೆ ಹಚ್ಚುವ ಸ್ಥಿತಿ.

ಭಾವ: ಆಮೇಲೆ ನಾವೇ ಬೆಳೆದೆವಲ್ಲ ಮಾವ. ಅವರೂ ಬೆಳೆಯಲಿ.

ತಂಗಿ (ಕೃಷಿ ಕಾಲೇಜಿನವಳು, ಸುಮ್ನಿರುವವಳಲ್ಲ): ನಾವೇ ಅಂದರೆ? ಅದೇ 1966ರಲ್ಲಿ 18,000 ಟನ್ ಗೋಧಿ ಬೀಜ ಮೆಕ್ಸಿಕೋದಿಂದ ಬಂತು ಭಾವ. ಅದನ್ನು ಇಲ್ಲಿಗೆ ಒಗ್ಗಿಸಿದ್ದು ನಮ್ಮ ವಿಜ್ಞಾನಿಗಳು. ಬೆಳೆದದ್ದನ್ನು ಕೊಳ್ಳಲು 1965ರಲ್ಲೇ ಸರ್ಕಾರದ ಆಹಾರ ನಿಗಮ, ಎಫ್‌ಸಿಐ, ಶುರುವಾಗಿತ್ತು. ಬೆಲೆ ಸಿಗುತ್ತದೆ ಅನ್ನುವ ಧೈರ್ಯ ಇಲ್ಲದಿದ್ದರೆ ಯಾವ ರೈತ ಹೊಸ ಬೀಜ ಮುಟ್ಟುತ್ತಿದ್ದ? 1964-65ರಲ್ಲಿ 1.2 ಕೋಟಿ ಟನ್ ಇದ್ದ ಗೋಧಿ 1970-71ಕ್ಕೆ ಹೆಚ್ಚುಕಮ್ಮಿ ಎರಡರಷ್ಟಾಯಿತು.

ಭಾವ: ಪಂಜಾಬಿನ ಬೋರ್‌ವೆಲ್ ಕಥೆಯನ್ನೂ ಹೇಳು ಪುಟ್ಟಿ.

ತಂಗಿ: ಒಪ್ಪಿದೆ. ನೀರು ಪಾತಾಳ ಸೇರಿದೆ.

ಭಾವ: ಆಫ್ರಿಕಾದ ಮಲಾವಿ ನೋಡಿ. 2005ರಲ್ಲಿ ಬೆಳೆ ಹೋಯಿತು, ಗೊಬ್ಬರಕ್ಕೆ ಕೂಪನ್ ಕೊಟ್ಟರು. 2007ರಲ್ಲಿ ಜಿಂಬಾಬ್ವೆಗೆ ಮುಸುಕಿನ ಜೋಳ ಮಾರಿದರು. 2016ರ ಬರಕ್ಕೆ ಮತ್ತೆ ಕೈಯೊಡ್ಡಿದರು. ಎಲ್ಲಿ ಹೋಯಿತು ಕಲಿತದ್ದೆಲ್ಲ?

(ಹತ್ತು ನಿಮಿಷ ಗುಂಪಿನಲ್ಲಿ ಸದ್ದಿಲ್ಲ. ಭಾವ ಓದಿಕೊಂಡೇ ಬಂದಿದ್ದರು.)

ನಾನು: ಗೊಬ್ಬರ ಸಿಕ್ಕಿತು, ಕಾಲುವೆ ಸಿಗಲಿಲ್ಲ. ಅಲ್ಲಿ ಬಹುಪಾಲು ಮಳೆ ನಂಬಿದ ಬೇಸಾಯ. ಕೆಆರ್‌ಎಸ್ ಇಲ್ಲದ ಮಂಡ್ಯ ನೆನೆಸಿಕೊಳ್ಳಿ.

ಅಷ್ಟರಲ್ಲಿ ಅಜ್ಜಿಯ ವಾಯ್ಸ್ ಮೆಸೇಜು. ‘ನಿಮ್ಮ ತಾತ ಇಂಡಾಫ್ ರಾಗಿ ಹಾಕಿದ ವರ್ಷ ತೆನೆ ನೋಡೋಕೆ ಬೀದಿಯವರೆಲ್ಲ ಬಂದಿದ್ರು ಕಣ್ರೋ.’

ದೊಡ್ಡಪ್ಪ: ಅಮ್ಮ ಸರಿಯಾಗಿ ಹೇಳಿದರು! ಇಂಡಾಫ್ ಅಂದರೆ ಇಂಡಿಯಾ, ಆಫ್ರಿಕಾ. ನಮ್ಮ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ವಿಜ್ಞಾನಿ ಲಕ್ಷ್ಮಣಯ್ಯನವರು ಅಲ್ಲಿನ ರಾಗಿಗೂ ಇಲ್ಲಿನ ರಾಗಿಗೂ ಅಡ್ಡತಳಿ ಮಾಡಿ ತೆಗೆದದ್ದು. ರಾಗಿಯ ತವರೇ ಆಫ್ರಿಕಾ. ನಿಮ್ಮ ಮುದ್ದೆಯಲ್ಲಿ ಅವರ ಬೀಜ ಇದೆ ಅಳಿಯಂದ್ರೇ.

ಭಾವ: ಇದು ಗೊತ್ತಿರಲಿಲ್ಲ. ಆದರೂ ಹೋಟೆಲ್ ಬಿಲ್ಲಿನ ವಿಷಯ ನಾನು ಬಿಡುವುದಿಲ್ಲ.

ತಂಗಿ: ಬಿಡಬೇಡಿ. ದುಡ್ಡು ಅಲ್ಲಿನ ಫಾರಂಗೆ, ಅಲ್ಲಿನ ಹುಡುಗರ ಸಂಬಳಕ್ಕೆ ಹೋಗಲಿ. ಲಕ್ಷ್ಮಣಯ್ಯನವರಿಗೂ ತಿಂಗಳ ಸಂಬಳ ಕೊಡುವ ಒಂದು ಫಾರಂ ಇತ್ತು, ಅಲ್ವಾ?

ಭಾವ: ಹೂಂ. ಅಜ್ಜಿ, ಈ ಕಡೆ ಬರುವವರ ಕೈಲಿ ಎರಡು ಕೆಜಿ ರಾಗಿ ಹಿಟ್ಟು ಕಳಿಸಿ. ಇಲ್ಲಿನವರು ನಾಚಣಿ ಅನ್ನುವ ರಾಗಿ ಹಿಟ್ಟಲ್ಲಿ ನನಗೆ ಮುದ್ದೆ ಕಟ್ಟೋಕೆ ಬರುತ್ತಿಲ್ಲ.