ಸಹಾಯ ಬೇಕು: ಹಲಸಿನ ಹಲಗೆಯ ಊಟದ ಮೇಜಿಗೆ ಯಾವ ಪಾಲಿಶ್?

ಎಲ್ಲರಿಗೂ ನಮಸ್ಕಾರ. ನಾನಿರೋದು ಮೈಸೂರಿನ ಕುವೆಂಪುನಗರದಲ್ಲಿ. ಪಾಂಡವಪುರದ ಹತ್ತಿರ ನಮ್ಮ ಊರಿನ ಹಿತ್ತಲಲ್ಲಿ ಅಜ್ಜಿ ನೆಟ್ಟಿದ್ದ ಹಲಸಿನ ಮರ ಗಾಳಿಗೆ ಬಿತ್ತು. ಸೌದೆಗೆ ಕೊಡಲು ಮನಸ್ಸು ಬರಲಿಲ್ಲ. ಸಾಮಿಲ್‌ನಲ್ಲಿ ಒಂದೂವರೆ ಇಂಚಿನ ಹಲಗೆ ಕೊಯ್ಸಿ, ಗಾಳಿಯಾಡಲು ನಡುವೆ ರೀಪು (ತೆಳು ಮರದ ಪಟ್ಟಿ) ಇಟ್ಟು, ನೆರಳಲ್ಲಿ ಎರಡು ವರ್ಷ ಒಣಗಿಸಿದೆ. ಈಗ 5 ಅಡಿ ಉದ್ದ, 3 ಅಡಿ ಅಗಲದ ಮೇಜು ನಾನೇ ಮಾಡುತ್ತಿದ್ದೇನೆ.

ಮೊದಲು ಹಲಗೆಗಳನ್ನು ಅಂಟಿಸಿ ಕೆಳಗಿನ ಚೌಕಟ್ಟಿಗೆ ಸ್ಕ್ರೂ ಬಿಗಿಯಾಗಿ ಹೊಡೆದುಬಿಟ್ಟಿದ್ದೆ. ಮಾರ್ಚ್ ಬಿಸಿಲಿಗೆ ಒಂದು ತುದಿ ಅರ್ಧ ಅಡಿ ಸೀಳಿತು. ಮರ ಉದ್ದಕ್ಕೆ ಅಲ್ಲ, ಅಗಲಕ್ಕೆ ಹಿಗ್ಗಿ ಕುಗ್ಗುತ್ತದೆ ಅಂತ ಆಮೇಲೆ ಅರ್ಥವಾಯಿತು. ಸೀಳನ್ನು ಮತ್ತೆ ಅಂಟಿಸಿ, ಹಲಗೆ ಹಿಗ್ಗಿ ಕುಗ್ಗಲು ಜಾಗ ಸಿಗಲಿ ಅಂತ ಚೌಕಟ್ಟಿನ ಸ್ಕ್ರೂ ತೂತುಗಳನ್ನು ಹಲಗೆಯ ಅಗಲದ ದಿಕ್ಕಿಗೆ ಉದ್ದ ಮಾಡಿದ್ದೇನೆ. ಇಷ್ಟು ಸಾಕಾ? ಅಡಿಯಲ್ಲಿ ಇನ್ನೊಂದು ಪಟ್ಟಿ ಕೊಡಬೇಕಾ?

ತೋಪಡ ಹೊಡೆದು, 120, 180, 220ರ ಸ್ಯಾಂಡ್ ಪೇಪರ್ ಉಜ್ಜಿ ಆಗಿದೆ. ಚಿನ್ನದಂಥ ಹಳದಿ ಬಂದಿದೆ, ನೋಡಿದರೆ ಖುಷಿಯಾಗುತ್ತೆ. ಬೆಳಕಿಗೆ ಅದು ನಿಧಾನವಾಗಿ ಕಂದು ತಿರುಗುತ್ತೆ ಅಂತ ಗೊತ್ತು, ಆದ್ದರಿಂದ ಬಣ್ಣ ಹಾಕೋದು ಬೇಡ. ಅರಗಿನ ಸ್ಪಿರಿಟ್ ಪಾಲಿಶ್ ಚೆಂದ, ಆದರೆ ಬಿಸಿ ಸಾರಿನ ಪಾತ್ರೆ ಇಟ್ಟರೆ ಬಿಳಿ ಕಲೆ ಬೀಳುತ್ತೆ. ಪಿಯು (ಪಾಲಿಯುರೆಥೇನ್) ಪಾಲಿಶ್ ಗಟ್ಟಿ, ಆದರೆ ಗೀರು ಬಿದ್ದರೆ ಅಲ್ಲಷ್ಟೇ ಸರಿಮಾಡೋದು ಕಷ್ಟ. ದಿನಾ ಊಟ ಮಾಡುವ ಮೇಜಿಗೆ ನೀವು ಏನು ಹಚ್ಚಿದ್ದೀರಿ? ಎಷ್ಟು ಕೋಟು? ಅಡಿಭಾಗಕ್ಕೂ ಅಷ್ಟೇ ಹಚ್ಚಬೇಕಾ? ಹಲಸಿನಲ್ಲಿ ಕೆಲಸ ಮಾಡಿದ ಆಚಾರ್ರು ಮೈಸೂರು, ಮಂಡ್ಯ ಕಡೆ ಗೊತ್ತಿದ್ದರೆ ದಯವಿಟ್ಟು ತಿಳಿಸಿ, ಹೋಗಿ ನೋಡಿ ಕಲಿಯುತ್ತೇನೆ.