ಹಳ್ಳಿ ವೋಟು, ಸಿಟಿ ವೋಟು: ನಮ್ಮ ಮನೆ ಗುಂಪಿನ ಜಗಳ

(ಮನೆಯವರ ಮೊಬೈಲ್ ಗುಂಪಿನಲ್ಲಿ ಬೆಂಗಳೂರಿನ ತಮ್ಮ ಹಾಕಿದ ಪೋಸ್ಟರ್: ‘ಹಳ್ಳಿಯವರ ವೋಟು ದುಡ್ಡಿಗೆ, ಸಿಟಿಯವರ ವೋಟು ದೇಶಕ್ಕೆ’)

ನಾನು: ಓದಿಯೇ ಹಾಕಿದೆಯಾ? ಈ ಗುಂಪಿನಲ್ಲಿ ಅರ್ಧ ಜನ ಹೊಳಲ್ಕೆರೆ ಕಡೆ ತೋಟದಲ್ಲೇ ಇದ್ದೇವೆ.

ಬೆಂಗಳೂರು ತಮ್ಮ: ನಿಮಗೆ ಅಂದಿದ್ದಲ್ಲ ಅಕ್ಕಾ. ಆದರೆ ದುಡ್ಡು ಹಂಚುವುದು ಸುಳ್ಳಾ? ಗ್ಯಾರಂಟಿ ನೋಡಿ ವೋಟು ಹಾಕುವುದು ಸುಳ್ಳಾ?

ನಾನು: ಹಂಚುವುದು ಸುಳ್ಳಲ್ಲ. ನಮ್ಮ ಬೀದಿಗೂ ಬರುತ್ತಾರೆ, ನನಗೂ ನಾಚಿಕೆ ಆಗುತ್ತದೆ. ಗ್ಯಾರಂಟಿ ವಿಷಯ ಕೇಳು. 2023ರ ವಿಧಾನಸಭೆ ಚುನಾವಣೆಯಲ್ಲಿ ನಮ್ಮ ಚಿತ್ರದುರ್ಗ ಜಿಲ್ಲೆಯ 6 ಸೀಟಿನಲ್ಲಿ 5 ಕಾಂಗ್ರೆಸ್‌ಗೆ ಹೋದವು. ಬಸ್ಸು ಫ್ರೀ ಆಯಿತು, 2,000 ಬಂತು. ನಮ್ಮತ್ತೆ ಬಿಪಿ ಮಾತ್ರೆಗೆ ಈಗ ಯಾರ ಹತ್ತಿರವೂ ಕೈ ಚಾಚುವುದಿಲ್ಲ. ಹಂಗಂತ ವೋಟು ಮಾರಿಕೊಂಡೆವಾ? ಮರುವರ್ಷವೇ ಲೋಕಸಭೆಗೆ ಚಿತ್ರದುರ್ಗದಿಂದ ಬಿಜೆಪಿಯ ಗೋವಿಂದ ಕಾರಜೋಳ ಗೆದ್ದರು. ಪಕ್ಕದ ದಾವಣಗೆರೆಯಲ್ಲಿ ಕಾಂಗ್ರೆಸ್ಸಿನ ಪ್ರಭಾ ಮಲ್ಲಿಕಾರ್ಜುನ್. ಹಳ್ಳಿ ಅಂದರೆ ಒಂದೇ ಮಂದೆ ಅಲ್ಲಪ್ಪಾ.

ದೊಡ್ಡಪ್ಪ: ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಗೆ 5,300 ಕೋಟಿ ಅಂತ 2023ರ ಕೇಂದ್ರ ಬಜೆಟ್‌ನಲ್ಲಿ ಹೇಳಿದಾಗ ನಾನು ಟಿವಿ ಮುಂದೆ ಎದ್ದು ನಿಂತಿದ್ದೆ. ಅದೇ ವರ್ಷ ಬರ ಬಂತು. ಬೋರು ಒಣಗಿ, ಅಡಿಕೆಗೆ ಟ್ಯಾಂಕರ್ ನೀರು ಹೊಡೆಸಿದೆವು. ನನ್ನ ವೋಟು ನೀರಿಗೆ ಕಣಪ್ಪಾ. ನೀರು ಕೇಳಿದರೆ ದೇಶ ಕೇಳಿದಂಗಲ್ವಾ?

ನಾನು: 2024ರ ಏಪ್ರಿಲ್ 26, ಇಬ್ಬರಿಗೂ ಒಂದೇ ದಿನ ಮತದಾನ. ಚಿತ್ರದುರ್ಗದಲ್ಲಿ ಶೇ 73. ಬೆಂಗಳೂರು ದಕ್ಷಿಣದಲ್ಲಿ ಶೇ 53. ನಮ್ಮತ್ತೆ ಬಿಸಿಲು ಏರುವ ಮುಂಚೆಯೇ ಹೊಸ ಸೀರೆ ಉಟ್ಟು, ಚೀಟಿಯನ್ನು ಎಲೆಅಡಿಕೆ ಚೀಲದಲ್ಲಿ ಇಟ್ಟುಕೊಂಡು ಶಾಲೆ ಜಗಲಿ ಮೇಲೆ ಕೂತಿದ್ದರು. ಬೆರಳಿನ ಶಾಯಿ ಅಳಿಸೀತು ಅಂತ ಅವತ್ತು ಪಾತ್ರೆ ತೊಳೆಯಲಿಲ್ಲ. ಅವರ ವೋಟು ದುಡ್ಡಿಗೆ ಅಂತ ಹೇಳುತ್ತೀಯಾ?

ಬೆಂಗಳೂರು ತಮ್ಮ: ಇಲ್ಲ ಅಕ್ಕಾ. ಆದರೆ ಸಿಟಿಯವರೆಲ್ಲ ಸೋಮಾರಿಗಳು ಅನ್ನಬೇಡಿ. ನನ್ನ ಹೆಸರು ಇನ್ನೂ ಊರಿನ ಪಟ್ಟಿಯಲ್ಲೇ ಇದೆ. ಅವತ್ತು ಶುಕ್ರವಾರ. 200 ಕಿಲೋಮೀಟರ್ ಬರೋಣ ಅಂದರೆ ಶಿಫ್ಟ್ ಇತ್ತು, ಬಿಡಲಿಲ್ಲ. ಇಲ್ಲಿ ನನ್ನ ಮನೆ ಮುಂದಿನ ಚರಂಡಿಗೆ ಯಾರನ್ನು ಕೇಳಬೇಕು ಅಂತಲೇ ಗೊತ್ತಿಲ್ಲ.

ನಾನು: ಇದನ್ನು ಮೊದಲೇ ಬರೆಯಬೇಕಿತ್ತು. ಆ ಪೋಸ್ಟರ್‌ಗಿಂತ ಈ ಮಾತು ದೊಡ್ಡದು. ಫಾರ್ಮ್ 8 ತುಂಬು, ಹೆಸರು ಅಲ್ಲಿಗೆ ವರ್ಗ ಆಗುತ್ತದೆ.

ಬೆಂಗಳೂರು ತಮ್ಮ: ಪೋಸ್ಟರ್ ಅಳಿಸಿದೆ. ಹೆಸರು ತೆಗೆಸಲು ಮನಸ್ಸು ಬರುತ್ತಿಲ್ಲ ಅಕ್ಕಾ, ಅಪ್ಪನ ಹೆಸರಿನ ಕೆಳಗೇ ಇದೆ.

ದೊಡ್ಡಪ್ಪ: ಭಾನುವಾರ ಫೋನು ಮಾಡು. ಮಾತಾಡೋಣ.